ಪಾಸ್ಟರ್ ಬರಲಿ ಅಂತ ಕಾಯಬೇಡಿ: ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಮೆಥಡಿಸ್ಟರಿಗೆ

ಬೀದರ್, ಕೋಲಾರ, ಬೆಳಗಾವಿ ಕಡೆಯಿಂದ ಬಂದವರಿಗೆ ಚರ್ಚಿನ ಮೇಲೆ ಮೆಥಡಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಅನ್ನೋ ಬೋರ್ಡ್ ಕಂಡರೆ ಸಾಕು, ನಮ್ಮದೇ ಅನ್ನಿಸಿಬಿಡುತ್ತದೆ. ಮೈಸೂರು, ತುಮಕೂರಿನ ಸಿಎಸ್‌ಐನವರೂ (ಚರ್ಚ್ ಆಫ್ ಸೌತ್ ಇಂಡಿಯಾ) ದೂರದವರೇನಲ್ಲ. ಅಲ್ಲಿನ ಹಳೆಯ ಸಭೆಗಳನ್ನು ಕಟ್ಟಿದ್ದು ಇಂಗ್ಲೆಂಡಿನ ಮೆಥಡಿಸ್ಟರ ವೆಸ್ಲಿಯನ್ ಮಿಷನ್. ಅವು 1947ರಲ್ಲಿ ಸಿಎಸ್‌ಐಗೆ ಸೇರಿದವು. ಅಮೆರಿಕನ್ ಮಿಷನ್ನಿನ ಸಭೆಗಳು ಸೇರದೆ ಉಳಿದು, 1981ರಲ್ಲಿ ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ ಆದವು. ಹಾಗಾಗಿ ಇಲ್ಲಿ ಶಿಲುಬೆ, ಪಕ್ಕದಲ್ಲಿ ಕೆಂಪು ಜ್ವಾಲೆಯ ಗುರುತಿರುವ ಯುನೈಟೆಡ್ ಮೆಥಡಿಸ್ಟ್ ಚರ್ಚ್ ಸಿಕ್ಕರೆ ಧೈರ್ಯವಾಗಿ ಒಳಗೆ ಹೋಗಿ.

ಕಾಗದಪತ್ರದ ಕೆಲಸ ಜಾಸ್ತಿ ಇಲ್ಲ. ಊರಿನ ಸಭೆಯ ಪತ್ರ, ದೀಕ್ಷಾಸ್ನಾನದ ಸರ್ಟಿಫಿಕೇಟ್ ಜೊತೆಗಿರಲಿ. ಮಗುವಾಗಿದ್ದಾಗ ಆಗಿದ್ದರೂ ಅದೇ ಸಾಕು, ಮೆಥಡಿಸ್ಟರು ಎರಡನೇ ಸಲ ಮಾಡಿಸುವುದಿಲ್ಲ.

ಕಷ್ಟ ಶುರುವಾಗುವುದು ಪಾಸ್ಟರ್ ವಿಷಯದಲ್ಲಿ. ನಮ್ಮ ತಲೆಯಲ್ಲಿ ಊರಿನ ಅಯ್ಯನವರು ಕೂತಿರುತ್ತಾರೆ. ಹೇಳದೆ ಕೇಳದೆ ಮನೆಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಮಕ್ಕಳ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಹಾಗೇ ಯಾರದೋ ಮದುವೆ ಮಾತನ್ನೂ ಎತ್ತುತ್ತಾರೆ. ಇಲ್ಲಿ ಕರೆಯದೆ ಯಾರೂ ಬರುವುದಿಲ್ಲ. ನಾವಂತೂ ಮೊದಲ ವರ್ಷ ಮುನಿಸಿಕೊಂಡೇ ಕಳೆದೆವು. ಮಗಳಿಗೆ ಜ್ವರ, ಪಾಸ್ಟರ್ ಬರಲಿಲ್ಲ. ಮನೆ ಬದಲಾಯಿಸಿದೆವು, ಪ್ರಾರ್ಥನೆಗೆ ಬರಲಿಲ್ಲ. ಅವರಿಗೆ ಹೇಳಿದ್ದೆವಾ? ಇಲ್ಲ! ನಾವು ಕೂತ ಬೆಂಚಿನ ಮುಂದೆಯೇ ಪ್ರಾರ್ಥನೆಯ ಚೀಟಿ, ಪೆನ್ಸಿಲ್ ಇಟ್ಟಿರುತ್ತಿದ್ದರು. ಅದರಲ್ಲಿ ಎರಡು ಸಾಲು ಬರೆದು ಕಾಣಿಕೆ ತಟ್ಟೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಕೊನೆಗೆ ಬರೆದೆವು. ಮರುದಿನವೇ ಪಾಸ್ಟರ್ ಫೋನ್ ಮಾಡಿ, ಯಾವಾಗ ಬರಲಿ ಅಂತ ಕೇಳಿದರು. ಕೋಪವನ್ನು ಎಲ್ಲಿಡುವುದು ಅಂತ ಗೊತ್ತಾಗಲಿಲ್ಲ.

ಎರಡನೇ ಪೆಟ್ಟು ವರ್ಗಾವಣೆ. ಪಾಸ್ಟರನ್ನು ನೇಮಿಸುವುದು ಬಿಷಪ್, ಅದೂ ಒಂದೊಂದೇ ವರ್ಷಕ್ಕೆ. ಹೊಸಬರು ಬರುವುದು ಸಾಮಾನ್ಯವಾಗಿ ಜುಲೈನಲ್ಲಿ. ಇದು ಮೆಥಡಿಸ್ಟ್ ಪಂಗಡ ಶುರುಮಾಡಿದ ಜಾನ್ ವೆಸ್ಲಿ ಕಾಲದಿಂದ ಬಂದ ಪದ್ಧತಿ. ಆತ ಕುದುರೆ ಮೇಲೆ ಊರೂರು ಸುತ್ತಿದ ಮನುಷ್ಯ. ಒಂದೇ ಕಡೆ ಇಡೀ ವರ್ಷ ಬೋಧಿಸಿದರೆ ತಾನೂ ನಿದ್ದೆ ಮಾಡುತ್ತೇನೆ, ಜನರೂ ನಿದ್ದೆ ಮಾಡುತ್ತಾರೆ ಎಂದು ಬರೆದವನು. ಊರಿನಲ್ಲೂ ವರ್ಗ ಇದೆ, ಅದರ ಗಲಾಟೆಯೂ ಇದೆ. ಆದರೆ ವರ್ಗವಾದ ಅಯ್ಯನವರು ಮದುವೆಗೆ, ಮಣ್ಣಿಗೆ ಬಂದೇ ಬರುತ್ತಾರೆ ಅಲ್ವಾ? ಇಲ್ಲಿ ಹಾಗಿಲ್ಲ. ಮಗನ ದೀಕ್ಷಾಸ್ನಾನಕ್ಕೆ ಹಳೆಯ ಪಾಸ್ಟರನ್ನೇ ಕರೆದೆವು. ಆಕೆ ಬಹಳ ಮೆತ್ತಗೆ, "ಈಗ ಅದು ಹೊಸ ಪಾಸ್ಟರ್ ಕೆಲಸ, ಅವರು ಕರೆದರೆ ಮಾತ್ರ ನಾನು ಬರಬಹುದು" ಎಂದರು. ನನ್ನ ಹೆಂಡತಿ ಅತ್ತುಬಿಟ್ಟಳು. ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸುತ್ತಿದ್ದದ್ದು ಆಕೆಯೊಬ್ಬರೇ. ಅದಕ್ಕೇ ಹೇಳುವುದು, ಪಾಸ್ಟರ್ ಜೊತೆ ಮಾತ್ರ ಗೆಳೆತನ ಬೆಳೆಸಬೇಡಿ. ಹಿಂದಿನ ಬೆಂಚಿನ ಅಜ್ಜಿ, ಕಾಫಿ ಮಾಡುವ ಅಂಕಲ್, ಹಾಡುವ ಕಾಯಿರ್‌ನವರು, ಇವರು ಎಲ್ಲೂ ಹೋಗುವುದಿಲ್ಲ.

ಹೆಂಗಸರು ಪಾಸ್ಟರ್ ಆಗಿರುವುದನ್ನು ನೋಡಿ ನಮ್ಮ ಕೆಲವು ಹಿರಿಯರು ಹುಬ್ಬೇರಿಸುತ್ತಾರೆ. ಇಲ್ಲಿ 1956ರಿಂದಲೇ ಅವರಿಗೆ ಗಂಡಸರಷ್ಟೇ ಹಕ್ಕು. ಇನ್ನೊಂದು ಸಂಗತಿ ತಿಳಿದಿರಲಿ. ಸಲಿಂಗ ಮದುವೆ, ಸಲಿಂಗಿಗಳ ಪಾಸ್ಟರ್ ದೀಕ್ಷೆಯ ಜಗಳದಲ್ಲಿ 2019ರಿಂದ 2023ರೊಳಗೆ ಇಲ್ಲಿನ ಸುಮಾರು ಕಾಲು ಭಾಗ ಸಭೆಗಳು ಯುನೈಟೆಡ್ ಮೆಥಡಿಸ್ಟ್ ಬಿಟ್ಟು ಹೋದವು. 2024ರಲ್ಲಿ ಶಾರ್ಲೆಟ್‌ನಲ್ಲಿ ಸೇರಿದ ಜನರಲ್ ಕಾನ್ಫರೆನ್ಸ್, ಅಂದರೆ ಈ ಚರ್ಚಿನ ನಿಯಮ ಮಾಡುವ ಮಹಾಸಭೆ, ಹಳೆಯ ನಿಷೇಧಗಳನ್ನು ತೆಗೆದುಹಾಕಿತು. ಗಾಯ ಇನ್ನೂ ಹಸಿಯಾಗಿದೆ. ಹೋದ ಮೊದಲ ಭಾನುವಾರವೇ ಕಾಫಿ ಕಪ್ ಹಿಡಿದು ಈ ಮಾತು ತೆಗೆಯಬೇಡಿ.

ನಂಬಿಕೆಯಲ್ಲಿ ನಿಮಗೆ ಹೊಸದು ಕಡಿಮೆ. ದೇವರ ಕೃಪೆ ನಾವು ಕೇಳುವ ಮುಂಚೆಯೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ ಎನ್ನುವುದು ವೆಸ್ಲಿಯ ಬೋಧನೆಯ ಬುಡ. ಕೇಡು ಮಾಡಬೇಡ, ಒಳ್ಳೆಯದು ಮಾಡು, ಪ್ರಾರ್ಥನೆ, ವಾಕ್ಯ, ಕರ್ತನ ಭೋಜನ ಬಿಡಬೇಡ: ಇವು ಮೂರು ನಿಯಮ. ಭೋಜನದ ಮೇಜಿಗೆ ಯಾರು ಬೇಕಾದರೂ ಬರಬಹುದು, ಸದಸ್ಯರೇ ಆಗಬೇಕಿಲ್ಲ. ಲೋಟದಲ್ಲಿರುವುದು ದ್ರಾಕ್ಷಾರಸವೇ, ವೈನ್ ಅಲ್ಲ. ಅಂಗಡಿಯಲ್ಲಿ ಸಿಗುವ ವೆಲ್ಚ್ ಜ್ಯೂಸ್ ಇದೆಯಲ್ಲ, ಹುಳಿಯದ ದ್ರಾಕ್ಷಾರಸ ಮಾಡುವುದನ್ನು 1869ರಲ್ಲಿ ಕಂಡುಹಿಡಿದ ಥಾಮಸ್ ವೆಲ್ಚ್ ಮೆಥಡಿಸ್ಟನೇ. ಚರ್ಚಿನ ಭೋಜನಕ್ಕೆಂದೇ ಮಾಡಿದ್ದು.

ಮಿಷನ್ ಎಂದರೆ ನಮಗೆ ಆಸ್ಪತ್ರೆ, ಬೋರ್ಡಿಂಗ್ ಸ್ಕೂಲ್. ಇಲ್ಲಿನ ಹೇಳಿಕೆ, ಕ್ರಿಸ್ತನ ಶಿಷ್ಯರನ್ನು ಮಾಡಿ ಲೋಕವನ್ನು ಬದಲಿಸುವುದು. ದೊಡ್ಡ ಮಾತು. ನಮ್ಮ ಸಭೆಯಲ್ಲಿ ಅದು ನೆಲಮಾಳಿಗೆಯ ಫುಡ್ ಪ್ಯಾಂಟ್ರಿ, ಇಲ್ಲದವರಿಗೆ ದಿನಸಿ ಹಂಚುವ ಜಾಗ. ಬೀನ್ಸ್ ಡಬ್ಬಿಗಳ ತಾರೀಕು ನೋಡಿ, ಹಳೆಯದನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ಚೀಲಕ್ಕೆ ತುಂಬುವ ಎಂಬತ್ತು ದಾಟಿದ ಹೆಂಗಸರು. ಕೋಲಾರದ ಇಟಿಸಿಎಂ ಅನ್ನೋ ಮೆಥಡಿಸ್ಟ್ ಮಿಷನ್ ಆಸ್ಪತ್ರೆ ಎದ್ದದ್ದು ಇಂಥ ಅಮೆರಿಕದ ಹೆಂಗಸರು ಕೂಡಿಸಿದ ದುಡ್ಡಿನಿಂದಲೇ. ನಾನು ಹುಟ್ಟಿದ್ದು ಅಲ್ಲಿ. ಅದನ್ನು ಆ ನೆಲಮಾಳಿಗೆಯಲ್ಲಿ ಹೇಳಿದಾಗ ಒಬ್ಬಾಕೆ ಡಬ್ಬಿ ಕೆಳಗಿಟ್ಟು, ಅಲ್ಲಿ ಈಗಲೂ ಹೆರಿಗೆ ಮಾಡಿಸುತ್ತಾರಾ ಎಂದು ಕೇಳಿದರು. ಆ ಚರ್ಚು ನನ್ನದು ಅನ್ನಿಸಿದ್ದು ಅವತ್ತು, ಸದಸ್ಯನಾದ ದಿನವಲ್ಲ. ಪ್ಯಾಂಟ್ರಿಗೆ ಹೆಸರು ಕೊಡಿ.

ಕಳೆದುಕೊಳ್ಳುವುದೂ ಇದೆ. ಬೆಳೆ ಹಬ್ಬದ ಹರಾಜು ಇಲ್ಲಿಲ್ಲ. ಒಂದೇ ಕುಂಬಳಕಾಯಿಯನ್ನು ಕೂಗಿ ಕೊಂಡವರು ಮತ್ತೆ ಸಭೆಗೇ ಕೊಟ್ಟು, ಅದು ನಾಲ್ಕು ಸಲ ಹರಾಜಾಗುವ ಮಜಾ ಇಲ್ಲಿನ ಮಕ್ಕಳಿಗೆ ಹೇಗೆ ವಿವರಿಸುವುದು? ನನ್ನ ಮಗಳಿಗೆ ಬೈಬಲಿನ ಕಥೆಗಳು ನನಗಿಂತ ಚೆನ್ನಾಗಿ ಗೊತ್ತು. ಕರ್ತನ ಪ್ರಾರ್ಥನೆ ಮಾತ್ರ ಕನ್ನಡದಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಸಂಡೇ ಸ್ಕೂಲ್ ಕಲಿಸಲಿ ಅಂತ ಬಿಡಬೇಡಿ, ಅಲ್ಲಿ ಯಾರಿಗೆ ಬರುತ್ತದೆ ಕನ್ನಡ? ಊಟಕ್ಕೆ ಮುಂಚೆ ಮನೆಯಲ್ಲೇ ಹೇಳಿಸಿ. ನಾಚಿಕೆ ಶುರುವಾಗುವ ವಯಸ್ಸಿಗೆ ಮುಂಚೆ.

ನಾಲ್ಕು ಮನೆ ಸೇರಿದರೆ ತಿಂಗಳಿಗೊಂದು ಕನ್ನಡ ಆರಾಧನೆ ನಡೆಸಬಹುದು. ಪಾಸ್ಟರಿಗೆ ಹೇಳಿ, ಆಮೇಲೆ ಟ್ರಸ್ಟಿಗಳ ಬೋರ್ಡನ್ನು ಕೇಳಿ, ಕಟ್ಟಡ ನೋಡಿಕೊಳ್ಳುವುದು ಅವರು. ಹಾಲ್ ಗುಡಿಸಿ, ಕುರ್ಚಿ ಮಡಚಿಟ್ಟು ಬನ್ನಿ. ಒಗ್ಗರಣೆ ಮಾತ್ರ ಮನೆಯಲ್ಲೇ ಹಾಕಿಕೊಂಡು ಹೋಗಿ. ಒಣ ಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಂ ಹೊಡೆದು, ಫೈರ್ ಎಂಜಿನ್ ಬಂದರೆ ಟ್ರಸ್ಟಿಗಳು ಮುಂದಿನ ತಿಂಗಳು ಹಾಲ್ ಕೊಡುವುದು ಕಷ್ಟ.