ಮಗ ಬೆಚ್ಚುತ್ತಿದ್ದುದು ಮಗ್ಗದ ಸಪ್ಪಳಕ್ಕಲ್ಲ

ನಮ್ಮದು ಬೆಟಗೇರಿ. ಮುಂದಿನ ಖೋಲಿಯಲ್ಲೇ ಮಗ್ಗ. ಬೆಳಿಗ್ಗೆ ಶುರುವಾದರೆ ಊಟದ ಹೊತ್ತಿನವರೆಗೆ ಸಪ್ಪಳ ನಿಲ್ಲೋದಿಲ್ಲ. ಹಾಗಾಗಿ ಐದು ತಿಂಗಳ ಮಗ ನಿದ್ದೆಯಿಂದ ಎದ್ದ ಕೂಡಲೇ ಎರಡೂ ಕೈ ಚಾಚಿ, ಕತ್ತು ಮುಂದಕ್ಕೆ ಬಗ್ಗಿಸಿ ಬೆಚ್ಚಿದಾಗ ಯಾರೂ ಗಾಬರಿಯಾಗಲಿಲ್ಲ. "ಮಗ್ಗದ ಸಪ್ಪಳಕ್ಕ ಬೆಚ್ಚತೈತವಾ ಕೂಸು, ದೃಷ್ಟಿ ತಗದ ಹಾಕು" ಅಂದರು ಅತ್ತೆ. ನಾನೂ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ.

ಒಬ್ಬ ಡಾಕ್ಟರಿಗೂ ತೋರಿಸಿದೆವು. ಅಲ್ಲಿ ಹೋದಾಗ ಮಗ ಆರಾಮಾಗಿ ಮಲಗಿದ್ದ. ನಾನು "ಬೆಚ್ತಾನೆ" ಅಂದೆ. ಅವರು "ಗ್ಯಾಸು" ಅಂದರು, ಹನಿ ಔಷಧ ಬರೆದುಕೊಟ್ಟರು. ಹದಿನೈದು ದಿನ ಅದನ್ನೇ ಹಾಕಿದೆ. ಆ ಹದಿನೈದು ದಿನ ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನಡೆಸೋದಿಲ್ಲ. ಅವತ್ತು ಮನೆಯೆಲ್ಲ ಗಪ್‌ಚುಪ್. ಮಗ ಎದ್ದ. ಬೆಚ್ಚಿದ. ಐದಾರು ಸೆಕೆಂಡ್ ಬಿಟ್ಟು ಮತ್ತೆ ಬೆಚ್ಚಿದ. ಮತ್ತೆ. ಎಣಿಸುತ್ತ ಕೂತೆ, 14 ಸಲ. ಆಮೇಲೆ ಜೋರಾಗಿ ಅತ್ತ. ಸಪ್ಪಳಕ್ಕೆ ಬೆಚ್ಚುವ ಕೂಸು ಒಂದು ಸಲ ಬೆಚ್ಚಿ ಸುಮ್ಮನಾಗುತ್ತದೆ ಅಲ್ವಾ? ಸಪ್ಪಳವೇ ಇಲ್ಲದಾಗ ಇದೇನು? ಇನ್ನೊಂದೂ ಆಗಲೇ ಹೊಳೆಯಿತು. ಹಿಂದಿನ ತಿಂಗಳು ನನ್ನ ಮುಖ ಕಂಡರೆ ನಗುತ್ತಿದ್ದವನು ನಗೋದನ್ನೇ ಬಿಟ್ಟಿದ್ದ.

ಅವತ್ತಿನಿಂದ ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆ. ಎಷ್ಟು ಹೊತ್ತಿಗೆ, ಎಷ್ಟು ಸಲ, ಎದ್ದ ಮೇಲೋ ಮಲಗುವ ಮುಂಚೆಯೋ, ಕಣ್ಣು ಎತ್ತ ಹೋದವು. ಇಷ್ಟೇ. ನಮ್ಮ ಮನೆಯವರು ಫೋನಿನಲ್ಲಿ ವಿಡಿಯೋ ಮಾಡಿದರು. ಮೊದಲ ವಿಡಿಯೋ ಕೆಲಸಕ್ಕೆ ಬರಲಿಲ್ಲ. ಕೌದಿ ಹೊದಿಸಿತ್ತು, ನಾನು ಗಾಬರಿಯಲ್ಲಿ ಮಗನನ್ನು ಎತ್ತಿಕೊಂಡುಬಿಟ್ಟಿದ್ದೆ. ಮರುದಿನ ಕೌದಿ ತೆಗೆದು, ದೀಪ ಹಚ್ಚಿ, ಮುಖ ಕೈ ಕಾಲು ಮೂರೂ ಕಾಣುವ ಹಾಗೆ ಎರಡು ನಿಮಿಷ ಹಿಡಿದೆವು. ಎತ್ತಿಕೊಳ್ಳದೆ ಬರೀ ನೋಡುತ್ತ ಕೂಡೋದು ತಾಯಿಗೆ ಬಹಳ ಕಷ್ಟ. ಆದರೂ ಅದನ್ನು ಮಾಡಲೇಬೇಕು.

ಹುಬ್ಬಳ್ಳಿಯಲ್ಲಿ ಮಕ್ಕಳ ನರರೋಗ ನೋಡುವ ಡಾಕ್ಟರ್ ಹತ್ತಿರ ಹೋದಾಗಲೂ ಮಗ ಮಲಗಿದ್ದ. ಈ ಸಲ ನಾನು ಬಾಯಿಂದ ಏನೂ ವಿವರಿಸಲಿಲ್ಲ, ಫೋನ್ ಮುಂದಿಟ್ಟೆ. ಅವರು ಎರಡು ಸಲ ನೋಡಿದರು. "ಇದು ಬೆಚ್ಚೋದಲ್ಲಮ್ಮ, ಫಿಟ್ಸ್. ಇನ್‌ಫಂಟೈಲ್ ಸ್ಪಾಸಂ ಅಂತಾರ. ಇವತ್ತ ಇಇಜಿ, ಅಂದ್ರ ಮೆದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ, ಮಾಡೋಣ, ತಡ ಮಾಡೋದು ಬ್ಯಾಡ" ಅಂದರು. ಫಿಟ್ಸ್ ಅಂದರೆ ನೊರೆ ಬರಬೇಕು, ಮೈ ಸೆಟೆಯಬೇಕು ಅಂತಲೇ ನಾನು ತಿಳಿದಿದ್ದೆ. ಕೂಸುಗಳಿಗೆ ಹೀಗೆ ನಮಸ್ಕಾರ ಮಾಡಿದ ಹಾಗೆ ಬಗ್ಗುವ ಫಿಟ್ಸ್ ಇರುತ್ತದೆ, ಹೆಚ್ಚಾಗಿ ಒಂದು ವರ್ಷದ ಒಳಗೇ ಶುರುವಾಗುತ್ತದೆ, ತಡವಾದಷ್ಟೂ ಮೆದುಳಿನ ಬೆಳವಣಿಗೆಗೆ ಪೆಟ್ಟು ಅಂತ ಅವತ್ತು ಗೊತ್ತಾಯಿತು. ಇದನ್ನು ಮೊದಲು ಬರೆದಿಟ್ಟವರು ವಿಲಿಯಂ ವೆಸ್ಟ್ ಅನ್ನುವ ಇಂಗ್ಲೆಂಡಿನ ಡಾಕ್ಟರ್. 1841ರಲ್ಲಿ, ತಮ್ಮ ಸ್ವಂತ ಮಗನಿಗೆ ಆಗುತ್ತಿದ್ದುದನ್ನು ನೋಡಿ ನೋಡಿ ಬರೆದದ್ದು. ಅದನ್ನು ಕೇಳಿದ ಮೇಲೆ ನನ್ನ ನೋಟ್‌ಬುಕ್ಕನ್ನು ಇನ್ನೂ ಜೋಪಾನವಾಗಿ ಬರೆಯತೊಡಗಿದೆ.

ಇಇಜಿ ಬಗ್ಗೆ ಸ್ವಲ್ಪ ಹೇಳಬೇಕು. ತಲೆಗೆ ಸಣ್ಣ ವೈರು ಅಂಟಿಸುತ್ತಾರೆ, ನೋವಿಲ್ಲ. ಆದರೆ ಕೂಸು ಮಲಗಿದಾಗಲೂ ಪಟ್ಟಿ ತೆಗೆಯಬೇಕು, ನೆತ್ತಿಯಲ್ಲಿ ಎಣ್ಣೆ ಇರಬಾರದು. ನಮ್ಮ ಕಡೆ ಕೂಸಿನ ನೆತ್ತಿಗೆ ಎಣ್ಣೆ ಇಲ್ಲದ ದಿನವೇ ಇಲ್ಲ. ಮೊದಲ ಸಲ ಅಲ್ಲೇ ತಲೆ ತೊಳೆಯಬೇಕಾಯಿತು, ಮಗನ ನಿದ್ದೆ ಹಾರಿಹೋಯಿತು, ಮೂರು ತಾಸು ಕಾದೆವು. ಈಗ ಹಿಂದಿನ ರಾತ್ರಿಯೇ ಶಾಂಪೂ ಹಾಕಿ ತೊಳೆಯುತ್ತೇನೆ. ನಸುಕಿನಲ್ಲಿ ಎಬ್ಬಿಸುತ್ತೇನೆ. ಬಸ್ಸು ಅಣ್ಣಿಗೇರಿ ದಾಟುವಷ್ಟರಲ್ಲಿ ಅವನ ಕಣ್ಣು ಎಳೆಯುತ್ತವೆ. ಅಲ್ಲಿಂದ ಹುಬ್ಬಳ್ಳಿಯವರೆಗೆ ಕಿಟಕಿ ತೋರಿಸುತ್ತ, ಗಿಲಕಿ ಆಡಿಸುತ್ತ ಎಚ್ಚರ ಇಡೋದೇ ನನ್ನ ಕೆಲಸ. ಹಾಲು ಕುಡಿಸೋದು ವೈರು ಹಚ್ಚಿದ ಮೇಲೆ. ಆಗ ತಾನೇ ಮಲಗುತ್ತಾನೆ.

ಚಿಕಿತ್ಸೆ ಅಂತ ಸ್ಟೀರಾಯ್ಡ್ ಕೊಟ್ಟರು. ಆ ದಿನಗಳು ಸುಲಭ ಇರಲಿಲ್ಲ. ರಾತ್ರಿಯೆಲ್ಲ ಹಸಿವು, ಕಿರಿಕಿರಿ, ಅಳು. ಗಲ್ಲ ಉಬ್ಬಿದವು. ಬಂದವರೆಲ್ಲ "ಕೂಸು ಎಷ್ಟ ಚಂದ ಗುಂಡಗ ಆಗೇತಿ" ಅನ್ನೋರು, ನನಗೆ ಕರುಳು ಹಿಂಡಿದ ಹಾಗಾಗೋದು. ಆಗಾಗ ಬಿಪಿ, ತೂಕ ನೋಡಿಸಬೇಕು. ಕೆಮ್ಮು ನೆಗಡಿ ಇದ್ದವರ ಕೈಗೆ ಕೂಸನ್ನು ಕೊಡಬಾರದು. ಲಸಿಕೆ ಇದ್ದರೆ ಡಾಕ್ಟರನ್ನು ಕೇಳಿಯೇ ಹಾಕಿಸಬೇಕು. ಎಲ್ಲಕ್ಕಿಂತ ಮುಖ್ಯ, ಕೂಸು ಆರಾಮಾಯಿತು ಅಂತ ನಾವೇ ಔಷಧ ನಿಲ್ಲಿಸಬಾರದು, ಅವರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಹತ್ತನೇ ದಿನ ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದೆ. ಮರುದಿನವೂ ಸೊನ್ನೆ. ಅತ್ತೆ ವೀರನಾರಾಯಣನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದರು. ಡಾಕ್ಟರ್ ಮಾತ್ರ ಇಇಜಿ ಮತ್ತೊಮ್ಮೆ ಮಾಡಿಸಿದರು. ಕಣ್ಣಿಗೆ ಕಾಣೋದು ನಿಂತರೂ ಒಳಗೆ ನಡೆದಿರಬಹುದಂತೆ.

ಮಗನಿಗೆ ಈಗ ಮೂರು ವರ್ಷ. ಬೆಳವಣಿಗೆ ಹಿಂದಿದೆ. ಕೂತುಕೊಳ್ಳೋದನ್ನು ಒಂದೂವರೆ ವರ್ಷಕ್ಕೆ ಕಲಿತ, ಈಗ ಗೋಡೆ ಹಿಡಿದು ನಿಲ್ಲುತ್ತಾನೆ, ಮಾತು ಇನ್ನೂ ಬಂದಿಲ್ಲ. ವಾರಕ್ಕೆ ಎರಡು ದಿನ ಫಿಸಿಯೋಥೆರಪಿ. ಅಲ್ಲಿ ಕಲಿಸಿದ್ದನ್ನು ಉಳಿದ ಐದು ದಿನ ಮನೆಯಲ್ಲಿ ನಾವೇ ಮಾಡಿಸುತ್ತೇವೆ. ಕಿವಿ, ಕಣ್ಣು ಎರಡೂ ಪರೀಕ್ಷೆ ಆಗಿವೆ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಹಳೆಯ ಚೀಟಿ, ಇಇಜಿ ಪಟ್ಟಿ ಎಲ್ಲ ಒಂದೇ ಫೈಲಿನಲ್ಲಿ ಇದ್ದದ್ದು ಬಹಳ ಅನುಕೂಲ ಆಯಿತು.

ನೋಟ್‌ಬುಕ್ ಈಗ ಮೂರನೆಯದು. ಅದರಲ್ಲಿ ಫಿಟ್ಸ್ ಲೆಕ್ಕ ಕಡಿಮೆ, ಬೇರೆ ಸಂಗತಿ ಜಾಸ್ತಿ. ಮೊನ್ನೆ ಮಂಗಳವಾರದ ಸಾಲು ಇದು: "ಬೆಳಿಗ್ಗೆ ಮಗ್ಗ ನಿಂತಾಗ ಅಪ್ಪನ ಕಡೆ ತಿರುಗಿ ನೋಡಿದ. ಮತ್ತೆ ಶುರುವಾದಾಗ ನಕ್ಕ. ಎರಡು ಸಲ." ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಡಾಕ್ಟರಿಗೆ ಮೊದಲು ಇದನ್ನೇ ತೋರಿಸಬೇಕು.