ನಲ್ಲಾರ್ಬರ್ ದಾಟುವಾಗ ಟೆಂಟ್ ಎಲ್ಲಿ ಹಾಕಬೇಕು?

ಪಶ್ಚಿಮ ಆಸ್ಟ್ರೇಲಿಯಾದ ನಾರ್ಸ್‌ಮನ್ ಬಿಟ್ಟರೆ ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾ ಸೇರುವವರೆಗೆ ಸುಮಾರು 1,200 ಕಿ.ಮೀ. ನಲ್ಲಾರ್ಬರ್ ಬಯಲು ದಾಟುವ ಐರ್ ಹೈವೇಯ ಈ ಭಾಗದಲ್ಲಿ ಊರುಗಳು ಇಲ್ಲವೇ ಇಲ್ಲ ಅನ್ನಬೇಕು. ಇರುವುದು ರೋಡ್‌ಹೌಸ್‌ಗಳು: ಮುಂದೆ ಪೆಟ್ರೋಲ್ ಬಂಕ್, ಒಳಗೆ ಊಟ, ಪಕ್ಕದಲ್ಲಿ ಕೆಲವು ರೂಮು, ಹಿಂದೆ ಕ್ಯಾಂಪ್ ಹಾಕಲು ಒಂದಿಷ್ಟು ಜಾಗ. ನಾನು ಮತ್ತು ನನ್ನ ಹೆಂಡತಿ ಈ ದಾರಿಯನ್ನು ಕಾರಿನಲ್ಲಿ ಟೆಂಟ್ ಹಾಕಿಕೊಂಡು ದಾಟುವವರು. ಕ್ಯಾರವಾನ್ ಇಲ್ಲ, ಕಾರಿನ ಮೇಲೆ ಬಿಚ್ಚುವ ಟೆಂಟೂ ಇಲ್ಲ. ಹಾಗಾಗಿ ನೆಲ ನಮಗೆ ಮುಖ್ಯ.

ಹೊರಡುವವರು ಕೇಳುವುದು ಒಂದೇ ಪ್ರಶ್ನೆ: ಒಳ್ಳೆ ಜಾಗ ಯಾವುದು, ಹೆಸರು ಹೇಳಿ. ಹೆಸರು ಹೇಳಬಹುದು, ಮುಂದೆ ಹೇಳುತ್ತೇನೆ ಕೂಡ. ಆದರೆ ಹೆಸರು ಹಿಡಿದು ಹೊರಟವರು ಆ ಜಾಗ ಮುಟ್ಟಲೇಬೇಕು ಅಂತ ಕತ್ತಲಲ್ಲಿ ಕಾರು ಓಡಿಸುತ್ತಾರೆ. ಈ ರಸ್ತೆಯಲ್ಲಿ ಮಾಡಬಾರದ ಕೆಲಸ ಅದೊಂದೇ. ಒಂಟೆ, ವೊಂಬ್ಯಾಟ್, ಕಾಂಗರೂ ಮೂರೂ ಇರುವ ಹಳದಿ ಬೋರ್ಡು ಫೋಟೋ ತೆಗೆದುಕೊಳ್ಳಲಿ ಅಂತ ಇಟ್ಟಿದ್ದಲ್ಲ. ಇಳಿಸಂಜೆಯಿಂದ ಕಾಂಗರೂಗಳು ರಸ್ತೆ ಬದಿಗೆ ಬರುತ್ತವೆ. ಊರಾಚೆ ರಾತ್ರಿ ಹೊತ್ತು ಕಾರು ಓಡಿಸಬಾರದು ಅಂತ ಎಷ್ಟೋ ಬಾಡಿಗೆ ಕಾರಿನ ಕರಾರಿನಲ್ಲೇ ಬರೆದಿರುತ್ತದೆ, ಓದಿ ನೋಡಿ.

ಅದಕ್ಕೆ ನಾನು ಜಾಗದಿಂದ ಶುರು ಮಾಡುವುದಿಲ್ಲ, ಹೊತ್ತಿನಿಂದ ಶುರು ಮಾಡುತ್ತೇನೆ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮುಂಚೆ ನಾವು ಎಲ್ಲಿರುತ್ತೇವೆ? ಅಲ್ಲಿಂದ ಹಿಂದಕ್ಕೆ 60 ಕಿ.ಮೀ., ಮುಂದಕ್ಕೆ 60 ಕಿ.ಮೀ. ನಕ್ಷೆಯಲ್ಲಿ ಗುರುತು ಹಾಕುತ್ತೇನೆ. ಆವತ್ತು ನಾನು ಹುಡುಕುವುದು ಅಷ್ಟರೊಳಗೆ ಮಾತ್ರ. ಅದರಲ್ಲಿ ಮೂರು ಜಾಗ ಗೊತ್ತು ಮಾಡಿಕೊಳ್ಳುತ್ತೇನೆ. ಮೊದಲನೆಯದು ಹಿಡಿಸಿದರೆ ಅಲ್ಲೇ ಇಳಿದುಬಿಡುವುದು. ಇನ್ನೂ ಬೆಳಕಿದೆ, ಇನ್ನೊಂದು ಚೂರು ಹೋಗೋಣ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಬೆಳಕಿದ್ದಾಗ ನಿಂತವರಿಗೆ ಜಾಗ ಆರಿಸುವ ಅವಕಾಶ ಇರುತ್ತದೆ, ಕತ್ತಲಾದ ಮೇಲೆ ಬಂದವರಿಗೆ ಉಳಿದ ಜಾಗ ಅಷ್ಟೇ.

ಇಲ್ಲಿ ಗಡಿಯಾರದ್ದೊಂದು ತಮಾಷೆ ಇದೆ. ಪಶ್ಚಿಮದಿಂದ ಪೂರ್ವಕ್ಕೆ ಹೋಗುವಾಗ ಕೈಗೂನಾ ರೋಡ್‌ಹೌಸ್ ದಾಟಿದ ಮೇಲೆ ಸ್ಥಳೀಯರು ಗಡಿಯಾರವನ್ನು 45 ನಿಮಿಷ ಮುಂದೆ ಇಟ್ಟುಕೊಂಡಿರುತ್ತಾರೆ. ಅದು ಸರ್ಕಾರ ಮಾಡಿದ ಸಮಯ ಅಲ್ಲ, ಅವರ ಅನುಕೂಲಕ್ಕೆ ಇಟ್ಟುಕೊಂಡದ್ದು. ರಾಜ್ಯದ ಗಡಿ ದಾಟಿದರೆ ಇನ್ನೂ 45 ನಿಮಿಷ. ಬೇಸಿಗೆಯಲ್ಲಾದರೆ ದಕ್ಷಿಣ ಆಸ್ಟ್ರೇಲಿಯಾ ಇದರ ಮೇಲೆ ಮತ್ತೊಂದು ಗಂಟೆ ಸೇರಿಸುತ್ತದೆ. ಜೂನ್‌ನಲ್ಲಿ ಪಶ್ಚಿಮದ ಕಡೆಯ ಬಲ್ಲಡೋನಿಯಾ ರೋಡ್‌ಹೌಸ್ ಹತ್ತಿರ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ನಲ್ಲಾರ್ಬರ್ ರೋಡ್‌ಹೌಸ್ ಹತ್ತಿರ ಸೂರ್ಯ ಮುಳುಗುವಾಗ ಗಡಿಯಾರದಲ್ಲಿ ಐದೂಮುಕ್ಕಾಲು. ನಡುವೆ ಫೋನ್ ಸಿಗ್ನಲ್ ಹೋಗಿ ಬಂದು ಮಾಡುವಾಗ ಫೋನಿನ ಗಡಿಯಾರವೂ ತನಗೆ ತೋಚಿದ್ದನ್ನು ತೋರಿಸುತ್ತದೆ. ಆವತ್ತಿನ ಸೂರ್ಯಾಸ್ತ ಯಾವಾಗ ಅಂತ ಬೆಳಗ್ಗೆಯೇ ನೋಡಿ, ನನ್ನ ಕೈಗಡಿಯಾರದ ಲೆಕ್ಕಕ್ಕೆ ತಿರುಗಿಸಿ ಬರೆದಿಟ್ಟುಕೊಳ್ಳುತ್ತೇನೆ. ಆ ಗಡಿಯಾರವನ್ನು ಸೆಡೂನಾವರೆಗೆ ಮುಟ್ಟುವುದಿಲ್ಲ.

ಹೊತ್ತಾದ ಮೇಲೆ ಪೆಟ್ರೋಲ್. ನಾರ್ಸ್‌ಮನ್‌ನಿಂದ ಬಲ್ಲಡೋನಿಯಾಕ್ಕೆ ಸುಮಾರು 190 ಕಿ.ಮೀ. ಅಲ್ಲಿಂದ ಕೈಗೂನಾಕ್ಕೆ ಸುಮಾರು 180. ತಿರುವೇ ಇಲ್ಲದ 146.6 ಕಿ.ಮೀ. ರಸ್ತೆ ಇರುವುದು ಇವೆರಡರ ನಡುವೆ. ಗಡಿಯ ಬಾರ್ಡರ್ ವಿಲೇಜ್‌ನಿಂದ ನಲ್ಲಾರ್ಬರ್ ರೋಡ್‌ಹೌಸ್‌ಗೆ ಮತ್ತೆ 180ರ ಮೇಲೆ. ಉಳಿದವು ಇಷ್ಟು ದೂರ ಇಲ್ಲ. ಸಂಜೆ ನಿಲ್ಲುವ ಮುಂಚಿನ ಬಂಕಿನಲ್ಲೇ ಟ್ಯಾಂಕ್ ತುಂಬಿಸಿಬಿಡುತ್ತೇನೆ. ಜಾಗ ಸರಿಹೋಗದೆ ಮುಂದಕ್ಕೆ ಹೋಗಬೇಕಾದರೆ ಮುಳ್ಳು ನೋಡಿಕೊಂಡು ಯೋಚನೆ ಮಾಡುವ ಹಾಗಿರಬಾರದು, ಅಲ್ವಾ?

ಈಗ ಜಾಗದ ವಿಚಾರ. ಹೆದ್ದಾರಿ ಪಕ್ಕದಲ್ಲಿ ವಿಶ್ರಾಂತಿ ತಾಣಗಳಿವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕೆಲವಕ್ಕೆ 24 ಗಂಟೆ ಅಂತ ಬೋರ್ಡು ಇರುತ್ತದೆ. ಅಲ್ಲಿ ಒಂದು ರಾತ್ರಿ ತಂಗಬಹುದು, ದುಡ್ಡು ಕೊಡಬೇಕಿಲ್ಲ. ಲಾರಿಗಳಿಗೇ ಅಂತ ಇರುವ ಜಾಗಗಳು ಬೇರೆ. ಅಲ್ಲಿ ಕಾರು ನಿಲ್ಲಿಸಬಾರದು. ಈ ರಸ್ತೆಯ ರೋಡ್ ಟ್ರೇನ್‌ಗಳು, ಅಂದರೆ ಒಂದಕ್ಕಿಂತ ಹೆಚ್ಚು ಟ್ರೇಲರ್ ಎಳೆಯುವ ಲಾರಿಗಳು, 36.5 ಮೀಟರ್‌ವರೆಗೆ ಉದ್ದ ಇರುತ್ತವೆ. ಆ ಡ್ರೈವರ್‌ಗಳಿಗೆ ಕಡ್ಡಾಯ ವಿಶ್ರಾಂತಿಯ ನಿಯಮ ಇದೆ, ನಿಲ್ಲಿಸಲು ಬೇರೆ ಜಾಗ ಅವರಿಗೆ ಸಿಗುವುದಿಲ್ಲ.

ತಾಣದೊಳಗೆ ಹೋದ ಕೂಡಲೇ ನಾವು ಟೆಂಟ್ ಬಿಚ್ಚುವುದಿಲ್ಲ. ಕಾರು ನಿಲ್ಲಿಸಿ ನಡೆದು ನೋಡುತ್ತೇವೆ. ಮುಂದಿನ ಸಾಲು, ಅಂದರೆ ಮೇಜು, ಕಸದ ತೊಟ್ಟಿ ಇರುವ ಕಡೆ, ರಾತ್ರಿ ಲಾರಿ ಬರುವ ಜಾಗ. ಅದರಲ್ಲೂ ಫ್ರಿಜ್ ಲಾರಿ ಬಂದರೆ ಅದರ ಕೂಲಿಂಗ್ ಮೋಟರ್ ಬೆಳಗಿನವರೆಗೆ ಆಗಾಗ ಗುಂಯ್‌ಗುಡುತ್ತಲೇ ಇರುತ್ತದೆ. ಸಾಮಾನ್ಯವಾಗಿ ಹಿಂದುಗಡೆ ಪೊದೆಗಳ ನಡುವೆ ಒಂದು ಕಾಲುದಾರಿಯೋ ಕಾರಿನ ಜಾಡೋ ಇರುತ್ತದೆ. ಮೊದಲೇ ತುಳಿದು ಗಟ್ಟಿಯಾದ ಜಾಡಿನಲ್ಲಿ ನೂರಿನ್ನೂರು ಮೀಟರ್ ಒಳಗೆ ಹೋದರೆ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಹೊಸ ಜಾಡು ಮಾಡುವುದು ಬೇಡ. ಈ ಮಣ್ಣಿನಲ್ಲಿ ಚಕ್ರದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಮಳೆ ಬಂದಿದ್ದರೆ ಒಳಗೆ ಹೋಗುವುದೇ ಇಲ್ಲ. ಮೇಲೆ ಒಣಗಿದ ಹಾಗೆ ಕಾಣುವ ಜೇಡಿ ಕೆಳಗೆ ಬೆಣ್ಣೆ.

ನೆಲದ ಪರೀಕ್ಷೆ ನನ್ನ ಹೆಂಡತಿಯದ್ದು. ಚಾಪೆ ಹಾಸಿ ಸುಮ್ನೆ ಮಲಗಿಬಿಡುತ್ತಾಳೆ. ಕಣ್ಣಿಗೆ ಸಮ ಅನ್ನಿಸುವ ನೆಲದಲ್ಲಿ ತಲೆ ಕೆಳಗಾಗುತ್ತಿದೆಯಾ, ಸೊಂಟದ ಕೆಳಗೆ ಕಲ್ಲಿದೆಯಾ ಅನ್ನುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. "ಇಲ್ಲ, ಆ ಕಡೆ" ಅಂದರೆ ಆ ಕಡೆ. ಅದರ ಮೇಲೆ ಅಪೀಲಿಲ್ಲ.

ಇಡೀ ನಲ್ಲಾರ್ಬರ್ ಸುಣ್ಣಕಲ್ಲಿನ ಹಾಸು. ಸುಮಾರು 2 ಲಕ್ಷ ಚದರ ಕಿ.ಮೀ. ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಬಂಡೆ. ಟೆಂಟಿನ ಜೊತೆ ಬರುವ ತೆಳು ಅಲ್ಯುಮಿನಿಯಂ ಗೂಟ ಇಲ್ಲಿ ಬಗ್ಗಿ ಹೋಗುತ್ತದೆ. ದಪ್ಪ ಉಕ್ಕಿನ ಗೂಟ, ಒಂದು ಭಾರದ ಸುತ್ತಿಗೆ ಬೇಕು. ಗೂಟ ಇಲ್ಲದೆಯೂ ತಾನೇ ನಿಲ್ಲುವ ಗುಮ್ಮಟದಂಥ ಟೆಂಟ್ ಇದ್ದರೆ ಇನ್ನೂ ಒಳ್ಳೆಯದು. ಗೂಟ ಇಳಿಯದ ಕಡೆ ನಾಲ್ಕು ಮೂಲೆಗೆ ನೀರಿನ ಕ್ಯಾನ್ ಕಟ್ಟುತ್ತೇವೆ, ಒಂದು ಹಗ್ಗವನ್ನು ಕಾರಿನ ಚಕ್ರಕ್ಕೆ.

ಸುಣ್ಣಕಲ್ಲು ಅಂದರೆ ಕೆಳಗೆ ಗವಿಗಳು. ಕೈಗೂನಾ ಹತ್ತಿರ ನೆಲದಿಂದ ಗಾಳಿ ಹೊರಬರುವ ತೂತೊಂದು ಹೆದ್ದಾರಿ ಪಕ್ಕದಲ್ಲೇ ಇದೆ, ಬೋರ್ಡು ಇದೆ, ನೋಡಬಹುದು. ಬೋರ್ಡಿಲ್ಲದ ತೂತು, ಕುಸಿದ ಗುಂಡಿಗಳೂ ಈ ಬಯಲಲ್ಲಿ ಬೇಕಾದಷ್ಟಿವೆ. ಅದಕ್ಕೇ ಬೆಳಕಿರುವಾಗಲೇ ಟೆಂಟಿನ ಸುತ್ತ ಒಂದು ಸುತ್ತು ನಡೆದು, ಶೌಚಕ್ಕೆ ಹೋಗುವ ದಿಕ್ಕು ಗೊತ್ತು ಮಾಡಿಕೊಳ್ಳುತ್ತೇವೆ. ರಾತ್ರಿ ಆ ದಿಕ್ಕು ಬಿಟ್ಟು ಬೇರೆ ಕಡೆ ಹೆಜ್ಜೆ ಇಡುವುದಿಲ್ಲ.

ಗಾಳಿಯದ್ದು ಇನ್ನೊಂದು ಕಥೆ. ಈ ರಸ್ತೆಯಲ್ಲಿ ಮರವೇ ಇಲ್ಲ ಅಂತ ಜನ ತಿಳಿದಿರುತ್ತಾರೆ. ಹೆದ್ದಾರಿ ಹೋಗುವುದು ಬಯಲಿನ ದಕ್ಷಿಣದ ಅಂಚಿನಲ್ಲಿ, ಹಾಗಾಗಿ ಬಹುಪಾಲು ದಾರಿಯಲ್ಲಿ ಕುಳ್ಳ ನೀಲಗಿರಿ ಜಾತಿಯ ಮ್ಯಾಲೀ ಮರಗಳು, ಪೊದೆಗಳು ಇದ್ದೇ ಇವೆ. ನಿಜವಾಗಿ ಬೋಳು ಬಯಲು ಸಿಗುವುದು ನಲ್ಲಾರ್ಬರ್ ರೋಡ್‌ಹೌಸ್ ಆಸುಪಾಸಿನಲ್ಲಿ. ಅಲ್ಲಿ ಗಾಳಿಗೆ ಮರೆ ಇಲ್ಲ, ಮನುಷ್ಯರಿಗೂ ಮರೆ ಇಲ್ಲ. ಆ ಭಾಗದಲ್ಲಿ ನಾವು ರೋಡ್‌ಹೌಸ್ ಹಿಂದಿನ ಕ್ಯಾಂಪ್‌ನಲ್ಲೇ ಮಲಗುತ್ತೇವೆ. ಉಳಿದ ಕಡೆ ಕಾರನ್ನು ಗಾಳಿಗೆ ಅಡ್ಡ ನಿಲ್ಲಿಸಿ, ಅದರ ಮರೆಯಲ್ಲಿ ಟೆಂಟ್. ರಾತ್ರಿ ಗಾಳಿ ದಿಕ್ಕು ಬದಲಾಗುವುದಿದೆಯಾ ಅಂತ ಸಿಗ್ನಲ್ ಇರುವ ರೋಡ್‌ಹೌಸ್‌ನಲ್ಲೇ ಹವಾಮಾನ ನೋಡಿಟ್ಟುಕೊಳ್ಳುತ್ತೇನೆ.

ನಾರ್ಸ್‌ಮನ್‌ನಿಂದ ಬಲ್ಲಡೋನಿಯಾ ಕಡೆಗೆ ಹೋಗುವಾಗ ಇದಕ್ಕೆ ಉಲ್ಟಾ. ಅಲ್ಲಿರುವುದು ಎತ್ತರದ ನೀಲಗಿರಿ ಕಾಡು. ತಾಮ್ರದ ಬಣ್ಣದ ನುಣುಪು ಕಾಂಡದ ಸಾಲ್ಮನ್ ಗಮ್ ಮರಗಳು, ಸಂಜೆ ಬಿಸಿಲಲ್ಲಿ ನೋಡುತ್ತಾ ಕೂರಬಹುದು. ಆದರೆ ಅವುಗಳ ಕೆಳಗೆ ಮಲಗಬಾರದು. ಗಾಳಿ ಇಲ್ಲದಿದ್ದರೂ ದೊಡ್ಡ ಕೊಂಬೆ ಮುರಿದು ಬೀಳುತ್ತದೆ. ಅಲ್ಲೇ ಬಲ್ಲಡೋನಿಯಾಕ್ಕೆ ಸ್ವಲ್ಪ ಮುಂಚೆ ಸಿಗುವ ನ್ಯೂಮನ್ ರಾಕ್ಸ್ ನನಗೆ ತುಂಬ ಇಷ್ಟದ ಜಾಗ. ಹೆದ್ದಾರಿಯಿಂದ ಒಳಗಿದೆ, ಅಗಲವಾದ ಬಂಡೆ, ಮಳೆಯಾಗಿದ್ದರೆ ಅದರ ಕುಳಿಗಳಲ್ಲಿ ನೀರು. ಆ ನೀರು ಪಕ್ಷಿ, ಪ್ರಾಣಿಗಳಿಗೆ. ಪಾತ್ರೆ ತೊಳೆಯಲು ಅಲ್ಲ.

ಇನ್ನು ಎಲ್ಲರೂ ಫೋಟೋದಲ್ಲಿ ನೋಡಿರುವ ಬುಂಡಾ ಕಡಿಬಂಡೆಗಳು. ಗಡಿಗೂ ನಲ್ಲಾರ್ಬರ್ ರೋಡ್‌ಹೌಸ್‌ಗೂ ನಡುವೆ, ನೆಲ ಇದ್ದಕ್ಕಿದ್ದ ಹಾಗೆ ಮುಗಿದು ಕೆಳಗೆ ಸಮುದ್ರ. 60 ಮೀಟರ್‌ಗಿಂತ ಎತ್ತರ. ಅಂಚಿನ ಕೆಳಗೆ ಸಮುದ್ರ ಕೊರೆದಿರುವುದರಿಂದ ಮೇಲೆ ನಿಂತವರಿಗೆ ತಾವು ಗಟ್ಟಿ ನೆಲದ ಮೇಲಿದ್ದೇವೋ ಚಾಚಿದ ಹಲಗೆಯ ಮೇಲಿದ್ದೇವೋ ಗೊತ್ತಾಗುವುದಿಲ್ಲ. ಅಲ್ಲಿ ಟೆಂಟ್ ಹಾಕಿ ಫೋಟೋ ಹಾಕುವವರನ್ನು ನೋಡಿ ಆಸೆಪಡಬೇಡಿ. ಬೇಡ ಅಂತ ಬೋರ್ಡಿದ್ದರೆ ಬೇಡ. ಬೋರ್ಡಿಲ್ಲದಿದ್ದರೂ ದಕ್ಷಿಣದ ಗಾಳಿಗೆ ಅಲ್ಲಿ ರಾತ್ರಿಯಿಡೀ ಟೆಂಟ್ ಬಡಿದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ. ನಾವು ಹಗಲು ನೋಡಿ, ಟೀ ಕುಡಿದು, ಒಳನಾಡಿನ ಕಡೆ ಹೊರಟುಬಿಡುತ್ತೇವೆ.

ನಲ್ಲಾರ್ಬರ್ ರೋಡ್‌ಹೌಸ್ ದಾಟಿ ಪೂರ್ವಕ್ಕೆ ಬಂದರೆ ಯಲಾಟಾ ಮೂಲನಿವಾಸಿ ಜನರ ನೆಲ. ಹೆದ್ದಾರಿ ಎಲ್ಲರದ್ದು, ಆದರೆ ಕಂಡ ಜಾಡಿಗೆಲ್ಲ ಕಾರು ತಿರುಗಿಸುವ ಹಾಗಿಲ್ಲ, ಅನುಮತಿ ಬೇಕು. ಹಾಗೆಯೇ ರಸ್ತೆಯ ಮೇಲೆ ಅಲ್ಲಲ್ಲಿ ದಪ್ಪ ಬಿಳಿ ಪಟ್ಟೆ ಬಳಿದು ಅಗಲ ಮಾಡಿರುತ್ತಾರೆ. ಅದು ರಾಯಲ್ ಫ್ಲೈಯಿಂಗ್ ಡಾಕ್ಟರ್ ಅನ್ನುವ ವೈದ್ಯಕೀಯ ಸೇವೆಯ ವಿಮಾನ ತುರ್ತಾಗಿ ಇಳಿಯುವ ಜಾಗ. ಅದರ ಅಕ್ಕಪಕ್ಕ ಖಾಲಿ ಇದೆ ಅಂತ ನಿಲ್ಲಬೇಡಿ.

ಆ್ಯಪ್‌ಗಳ ಬಗ್ಗೆ. ನಾನು ಕ್ಯಾಂಪ್ ಜಾಗಗಳನ್ನು ತೋರಿಸುವ ವಿಕಿಕ್ಯಾಂಪ್ಸ್ ಬಳಸುತ್ತೇನೆ, ಹೊರಡುವ ಮುಂಚೆ ನಕ್ಷೆ ಪೂರ್ತಿ ಇಳಿಸಿಕೊಂಡು. ದಾರಿಯಲ್ಲಿ ಬಹಳ ಕಡೆ ಸಿಗ್ನಲ್ ಇರುವುದಿಲ್ಲ. ನಕ್ಷತ್ರ ಎಷ್ಟು ಕೊಟ್ಟಿದ್ದಾರೆ ಅನ್ನುವುದನ್ನು ನಾನು ನೋಡುವುದೇ ಇಲ್ಲ. ಈಚಿನ ಕೆಲವು ತಿಂಗಳ ಮಾತುಗಳನ್ನು ಮಾತ್ರ ಓದುತ್ತೇನೆ, ಬರೆದವರು ಏನು ತಂದಿದ್ದರು ಅಂತ ಹುಡುಕುತ್ತೇನೆ. ಕ್ಯಾರವಾನ್ ಬಾಗಿಲು ಮುಚ್ಚಿ ಮಲಗಿದವರ 'ನಿಶ್ಶಬ್ದ' ಬೇರೆ, ಬಟ್ಟೆಯ ಗೋಡೆಯೊಳಗೆ ಮಲಗುವ ನಮ್ಮ ನಿಶ್ಶಬ್ದ ಬೇರೆ. 'ದೊಡ್ಡ ಬಸ್ಸೂ ಸುಲಭವಾಗಿ ತಿರುಗುತ್ತದೆ' ಅಂತ ಇದ್ದರೆ ಲಾರಿಯೂ ತಿರುಗುತ್ತದೆ ಅಂತ ಅರ್ಥ. 'ದಾರಿ ಸ್ವಲ್ಪ ಕೊರಕಲು, ಕ್ಯಾರವಾನ್ ಕಷ್ಟ' ಅಂತ ಬೈದಿದ್ದರೆ ನನಗೆ ಖುಷಿ, ಅದು ನಮ್ಮ ಜಾಗ. ಆ್ಯಪಿಗಿಂತ ಹೊಸ ಸುದ್ದಿ ಬೇಕಿದ್ದರೆ ರೋಡ್‌ಹೌಸ್ ಕೌಂಟರ್‌ನಲ್ಲಿ ಕೇಳಬೇಕು, ಇಲ್ಲವೇ ಯುಎಚ್‌ಎಫ್ ರೇಡಿಯೋದಲ್ಲಿ 40ನೇ ಚಾನೆಲ್. ಲಾರಿಯವರು ಮಾತಾಡುವುದು ಅದರಲ್ಲೇ.

ಬೇಸಿಗೆಯಲ್ಲಿ ನಾವು ಟೆಂಟ್ ಹಾಕುವುದಿಲ್ಲ. 2019ರ ಡಿಸೆಂಬರ್ 19ರಂದು ನಲ್ಲಾರ್ಬರ್‌ನಲ್ಲಿ 49.9 ಡಿಗ್ರಿ ದಾಖಲಾಗಿತ್ತು. ಮರುವರ್ಷ ಜನವರಿಯಲ್ಲಿ ಕಾಡ್ಗಿಚ್ಚಿನಿಂದ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಮೇಯಿಂದ ಸೆಪ್ಟೆಂಬರ್ ಒಳ್ಳೆಯದು. ರಾತ್ರಿ ಚಳಿ ಇದೆ, ಇಬ್ಬನಿಗೆ ಟೆಂಟ್ ತೊಯ್ಯುತ್ತದೆ, ಆದರೆ ನಲ್ಲಾರ್ಬರ್ ರೋಡ್‌ಹೌಸ್‌ಗೆ ಪೂರ್ವದ ಕರಾವಳಿಯಲ್ಲಿರುವ ಹೆಡ್ ಆಫ್ ಬೈಟ್‌ನಲ್ಲಿ ತಿಮಿಂಗಿಲಗಳು ಮರಿಗಳ ಜೊತೆ ದಡದ ಹತ್ತಿರ ಬರುವ ಕಾಲವೂ ಅದೇ.

ಎರಡು ರಾತ್ರಿ ಬಯಲಲ್ಲಿ ಮಲಗಿದರೆ ಮೂರನೆಯದಕ್ಕೆ ರೋಡ್‌ಹೌಸ್. ಸ್ನಾನ, ಚಾರ್ಜಿಂಗ್, ಕಸ ಖಾಲಿ ಮಾಡುವುದು. ಇಲ್ಲಿ ಸಿಹಿನೀರು ಅಪರೂಪ, ಕ್ಯಾನ್ ತುಂಬಿಸಿಕೊಡಿ ಅಂತ ಕೇಳುವುದು ಸರಿಯಲ್ಲ. ಕುಡಿಯುವ ನೀರು ನಾರ್ಸ್‌ಮನ್‌ನಿಂದಲೇ ಹೊತ್ತು ತರುತ್ತೇವೆ. ನನಗೆ ಇಷ್ಟ ಗಡಿಯ ಹತ್ತಿರದ ಯೂಕ್ಲಾ. ಮರುದಿನ ಬೆಳಗ್ಗೆ ಕೆಳಗಿಳಿದು, ಮರಳಿನಲ್ಲಿ ಹೂತುಹೋಗುತ್ತಿರುವ 1877ರಲ್ಲಿ ಶುರುವಾದ ಟೆಲಿಗ್ರಾಫ್ ಕೇಂದ್ರದ ಹಳೆಯ ಕಟ್ಟಡದವರೆಗೆ ನಡೆದು ಬರಬಹುದು.

ಕೊನೆಯ ರಾತ್ರಿಗೆ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿಯುತ್ತೇವೆ. ಫೌಲರ್ಸ್ ಬೇ ಇದೆ. ಹೆದ್ದಾರಿ ಮೇಲಿನ ಸಣ್ಣ ಊರು ಪೆನಾಂಗ್‌ನಿಂದ (Penong) ದಕ್ಷಿಣಕ್ಕೆ ಸುಮಾರು 20 ಕಿ.ಮೀ. ಹೋದರೆ ಕ್ಯಾಕ್ಟಸ್ ಬೀಚ್ ಇದೆ, ಅಲೆಯಾಟದವರ ಜಾಗ, ಪೊದೆಗಳ ಮರೆಯಲ್ಲಿ ಒಂದೊಂದು ಟೆಂಟಿಗೂ ಬೇರೆ ಬೇರೆ ತಾವು. ಆ ರಾತ್ರಿ ಅಡುಗೆ ಜೋರು. ಸೆಡೂನಾ ಊರಿನ ಬಾಗಿಲಲ್ಲೇ ಹಣ್ಣುನೊಣ ತಡೆಯುವ ತಪಾಸಣೆ ಇದೆ, ಹಸಿ ತರಕಾರಿ, ಹಣ್ಣು ಒಳಗೆ ಬಿಡುವುದಿಲ್ಲ. ಉಳಿದ ಟೊಮ್ಯಾಟೊ, ಹಸಿಮೆಣಸಿನಕಾಯಿ, ಜೋಪಾನವಾಗಿ ತಂದ ಕರಿಬೇವು ಎಲ್ಲ ಆವತ್ತೇ ಪಾತ್ರೆಗೆ. ಉಲ್ಟಾ ದಿಕ್ಕಿನಲ್ಲಿ ಹೋಗುವವರಿಗೆ ತಪಾಸಣೆ ಬಾರ್ಡರ್ ವಿಲೇಜ್‌ನಲ್ಲಿ, ಅಲ್ಲಿ ಜೇನುತುಪ್ಪವನ್ನೂ ಇಟ್ಟುಕೊಳ್ಳುತ್ತಾರೆ. ಅವರು ನಲ್ಲಾರ್ಬರ್ ರೋಡ್‌ಹೌಸ್‌ನಲ್ಲಿ ಉಳಿಯುವ ರಾತ್ರಿಯೇ ಬುಟ್ಟಿ ಖಾಲಿ ಮಾಡಿಕೊಳ್ಳಬೇಕು.