ದೊಡ್ಡವರ ಕೋರ್ಟಿನಲ್ಲಿ ಮಕ್ಕಳನ್ನು ಎಣಿಸುವ ಕೆಲಸ

ಅಮೆರಿಕದಲ್ಲಿ ಹದಿನೆಂಟು ತುಂಬದ ಎಷ್ಟು ಮಕ್ಕಳ ಮೇಲೆ ವರ್ಷಕ್ಕೆ ದೊಡ್ಡವರ ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬೀಳುತ್ತದೆ? ಇಡೀ ದೇಶಕ್ಕೆ ಇದರ ಲೆಕ್ಕ ತೆಗೆಯುವ ಕೆಲಸದಲ್ಲಿ ನಾನು ಹಲವು ವರ್ಷ ಇದ್ದೆ. ಒಂದು ಸಂಶೋಧನಾ ಸಂಸ್ಥೆಯ ಅಂಕಿಅಂಶ ತಂಡದಲ್ಲಿ ನನ್ನ ಕೆಲಸ. ‘ಅದೆಲ್ಲ ಕೋರ್ಟಿನ ಕಂಪ್ಯೂಟರಿನಲ್ಲೇ ಇರುತ್ತೆ ಅಲ್ವಾ, ಕೇಳಿ ತಗೊಂಡರಾಯಿತು’ ಎಂದು ಗೆಳೆಯರು ಹೇಳುತ್ತಿದ್ದರು. ಇರುವುದಿಲ್ಲ. ಯಾಕೆ ಇರುವುದಿಲ್ಲ, ಇಲ್ಲದ್ದನ್ನು ನಾವು ಹೇಗೆ ಹುಡುಕಿದೆವು ಅನ್ನುವುದೇ ಈ ಬರಹ.

ಮಕ್ಕಳಿಗೆ ಬೇರೆ ಕೋರ್ಟು ಅನ್ನುವ ಪದ್ಧತಿ ಅಲ್ಲಿ ಶುರುವಾದದ್ದು 1899ರಲ್ಲಿ, ಷಿಕಾಗೋದಲ್ಲಿ. ಆ ಕೋರ್ಟು ಬಿಟ್ಟು ಮಗುವನ್ನು ದೊಡ್ಡವರ ಕೋರ್ಟಿಗೆ ಕಳಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ಮಕ್ಕಳ ಕೋರ್ಟಿನ ನ್ಯಾಯಾಧೀಶರೇ ವಿಚಾರಣೆ ಮಾಡಿ ಕಳಿಸಬಹುದು. ಕೆಲವು ರಾಜ್ಯಗಳಲ್ಲಿ ಪ್ರಾಸಿಕ್ಯೂಟರ್, ಅಂದರೆ ಕೇಸು ನಡೆಸುವ ಸರ್ಕಾರಿ ವಕೀಲ, ಯಾರನ್ನೂ ಕೇಳದೆ ನೇರವಾಗಿ ಅಲ್ಲಿಯೇ ಕೇಸು ಹಾಕಬಹುದು. ಇನ್ನು ಕೊಲೆಯಂಥ ಕೆಲವು ಅಪರಾಧಗಳಿಗೆ ಅನೇಕ ರಾಜ್ಯಗಳ ಕಾನೂನೇ ‘ಇದು ಮಕ್ಕಳ ಕೋರ್ಟಿಗೆ ಬರುವುದಿಲ್ಲ’ ಎಂದು ಮೊದಲೇ ಬರೆದಿಟ್ಟಿದೆ.

ಇಡೀ ದೇಶದ ಲೆಕ್ಕ ಸಿಗುವುದು ಮೊದಲ ದಾರಿಯದು ಮಾತ್ರ. ಅದಕ್ಕೊಂದು ಕಾರಣವಿದೆ. 1966ರಲ್ಲಿ ಕೆಂಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಗುವನ್ನು ಕಳಿಸುವ ಮುಂಚೆ ವಿಚಾರಣೆ ಆಗಬೇಕು, ವಕೀಲರಿರಬೇಕು, ಕಾರಣ ಹೇಳಬೇಕು ಎಂದಿತು. ಹಾಗಾಗಿ ನ್ಯಾಯಾಧೀಶರು ಕಳಿಸಿದರೆ ಒಂದು ಫೈಲು ಹುಟ್ಟುತ್ತದೆ, ಒಂದು ಆದೇಶ ಇರುತ್ತದೆ, ಅದನ್ನು ಎಣಿಸಬಹುದು. ಉಳಿದೆರಡು ದಾರಿಗಳಲ್ಲಿ ಅಂಥ ಆದೇಶವೇ ಇಲ್ಲ. ಹದಿನೈದರ ಹುಡುಗನ ಕೇಸು ನಲವತ್ತರ ಗಂಡಸಿನ ಕೇಸಿನ ಜೊತೆ ಒಂದೇ ಸಾಲಿನಲ್ಲಿ ಕೂತಿರುತ್ತದೆ. ಅವನು ಹುಡುಗ ಎಂದು ಹೇಳುವ ಗುರುತು ಎಲ್ಲಿಯೂ ಇಲ್ಲ.

ಇದು ಸಣ್ಣ ಕೊರತೆಯಲ್ಲ. 1998ರಲ್ಲಿ 40 ದೊಡ್ಡ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ನಡೆದ ಸರ್ವೆಯಲ್ಲಿ, ಗಂಭೀರ ಅಪರಾಧದ ಆರೋಪದ ಮೇಲೆ ದೊಡ್ಡವರ ಕೋರ್ಟಿಗೆ ಬಂದ ಮಕ್ಕಳು ಸುಮಾರು 7,100. ಅವರಲ್ಲಿ ನ್ಯಾಯಾಧೀಶರ ಆದೇಶದಿಂದ ಬಂದವರು ಹೆಚ್ಚುಕಡಿಮೆ ಕಾಲು ಭಾಗ ಅಷ್ಟೇ. ಅಂದರೆ ವರ್ಷ ವರ್ಷವೂ ಪ್ರಕಟವಾಗುವ ಆ ಒಂದು ದಾರಿಯ ಅಂಕಿಯನ್ನು ನೋಡಿ ‘ಇಷ್ಟೇ ಮಕ್ಕಳು’ ಅನ್ನುವವರು ಬಹುಪಾಲು ಮಕ್ಕಳನ್ನು ಬಿಟ್ಟೇ ಮಾತಾಡುತ್ತಿದ್ದಾರೆ. 2011ರಲ್ಲಿ ಕೇಂದ್ರ ನ್ಯಾಯ ಇಲಾಖೆಯ ಒಂದು ವರದಿ ಹೇಳಿದಂತೆ, ಎಲ್ಲ ದಾರಿಗಳೂ ಸೇರಿ ಒಟ್ಟು ಎಷ್ಟು ಎಂದು ಸಾರ್ವಜನಿಕವಾಗಿ ತಿಳಿಸುತ್ತಿದ್ದ ರಾಜ್ಯಗಳು 13 ಮಾತ್ರ.

ಇದರ ಮೇಲೆ ಇನ್ನೊಂದು ಗುಂಪು. ಟೆಕ್ಸಾಸ್, ಜಾರ್ಜಿಯಾ, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಹದಿನೇಳು ತುಂಬಿದರೆ ಕ್ರಿಮಿನಲ್ ಕಾನೂನಿನ ಲೆಕ್ಕಕ್ಕೆ ದೊಡ್ಡವರೇ. ಅವರನ್ನು ಯಾರೂ ಎಲ್ಲಿಗೂ ವರ್ಗಾಯಿಸುವುದಿಲ್ಲ, ಹಾಗಾಗಿ ‘ವರ್ಗಾವಣೆ’ಯ ಯಾವ ಪಟ್ಟಿಯಲ್ಲೂ ಅವರು ಬರುವುದಿಲ್ಲ. ನ್ಯೂಯಾರ್ಕ್ ಮತ್ತು ನಾರ್ತ್ ಕೆರೊಲಿನಾಗಳಲ್ಲಿ ಹಿಂದೆ ಹದಿನಾರಕ್ಕೇ ಹೀಗಿತ್ತು. 2007ಕ್ಕೆ ಮಾಡಿದ ಒಂದು ಅಂದಾಜಿನ ಪ್ರಕಾರ ಈ ಗುಂಪೇ 1,75,000 ಕೇಸುಗಳವರೆಗೆ ಇರಬಹುದು. ನಾವು ಮೊದಲೇ ತೀರ್ಮಾನ ಮಾಡಿದ್ದು ಇದನ್ನೇ: ಇವರನ್ನೂ ಎಣಿಸಬೇಕು, ಆದರೆ ಬೇರೆ ಕಾಲಂನಲ್ಲಿ. ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟರೆ ಪ್ರಾಸಿಕ್ಯೂಟರ್ ತೀರ್ಮಾನದಿಂದ ಬಂದವರು ಯಾರು, ಹುಟ್ಟಿದ ದಿನದ ಲೆಕ್ಕದಿಂದ ಬಂದವರು ಯಾರು ಎಂದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ. ಕೋರ್ಟುಗಳಿಗೆ ‘ನಿಮ್ಮಲ್ಲಿ ಎಷ್ಟು ಮಕ್ಕಳ ಕೇಸುಗಳಿವೆ’ ಎಂದು ಕೇಳುವುದರಿಂದ ಏನೂ ಸಿಗುವುದಿಲ್ಲ. ಒಂದು ಕೌಂಟಿಯ ಹಿರಿಯ ಗುಮಾಸ್ತೆಯೊಬ್ಬರು ಫೋನಿನಲ್ಲಿ ಹೇಳಿದ್ದು ಇವತ್ತಿಗೂ ನೆನಪಿದೆ: ‘ನಮ್ಮಲ್ಲಿ ಮಕ್ಕಳು ಇಲ್ಲ ಮೇಡಂ, ನಮ್ಮದು ದೊಡ್ಡವರ ಕೋರ್ಟು.’ ಅವರು ಪ್ರಾಮಾಣಿಕವಾಗಿಯೇ ಹೇಳಿದರು. ಆ ಕೋರ್ಟಿನ ಕಡತದಲ್ಲಿ ಮಕ್ಕಳಿದ್ದರು. ಅದಕ್ಕೇ ನಾವು ಪ್ರಶ್ನೆಯನ್ನೇ ಬದಲಾಯಿಸಿದೆವು. ಮಕ್ಕಳ ಪಟ್ಟಿ ಬೇಡ, ಆ ವರ್ಷ ದಾಖಲಾದ ಎಲ್ಲ ಕ್ರಿಮಿನಲ್ ಕೇಸುಗಳಿಗೂ ಎರಡು ತಾರೀಕು ಕೊಡಿ ಎಂದೆವು. ಒಂದು ಹುಟ್ಟಿದ ತಾರೀಕು, ಇನ್ನೊಂದು ಅಪರಾಧ ನಡೆಯಿತು ಎನ್ನಲಾದ ತಾರೀಕು. ಕಳೆಯುವ ಲೆಕ್ಕ ನಾವು ಮಾಡಿಕೊಳ್ಳುತ್ತೇವೆ.

ಅಪರಾಧದ ತಾರೀಕೇ ಯಾಕೆ ಬೇಕು? ಕೇಸು ದಾಖಲಾಗುವಾಗ ಹದಿನೆಂಟು ದಾಟಿದ್ದರೂ ಘಟನೆಯ ದಿನ ಹದಿನಾರು ಇದ್ದಿರಬಹುದು. ದಾಖಲಾದ ದಿನದ ವಯಸ್ಸನ್ನು ಹಿಡಿದರೆ ಅವರೆಲ್ಲ ತಪ್ಪಿಹೋಗುತ್ತಾರೆ. ತೊಂದರೆ ಏನೆಂದರೆ ಹಲವು ಕೋರ್ಟುಗಳ ವ್ಯವಸ್ಥೆಯಲ್ಲಿ ಆ ತಾರೀಕಿನ ಜಾಗ ಖಾಲಿ ಇರುತ್ತದೆ. ಆಗ ಬಂಧನದ ತಾರೀಕು ಹಿಡಿದೆವು, ಅದೂ ಇಲ್ಲದಿದ್ದರೆ ದಾಖಲಾದ ತಾರೀಕು. ಯಾವುದನ್ನು ಹಿಡಿದೆವು ಎಂದು ಪ್ರತಿ ಸಾಲಿನಲ್ಲೂ ಗುರುತು ಹಾಕಿದೆವು. ಹುಟ್ಟಿದ ದಿನ ಜನವರಿ 1 ಎಂದು ವಿಪರೀತ ಜಾಸ್ತಿ ಕಂಡರೆ ಅದು ನಿಜವಲ್ಲ, ಗೊತ್ತಿಲ್ಲದವರಿಗೆ ಯಾರೋ ತುಂಬಿಸಿದ್ದು. ಅಂಥ ಸಾಲುಗಳನ್ನು ತೆಗೆದು ಜೈಲಿನ ದಾಖಲೆಯ ಜೊತೆ ಹೋಲಿಸಿ ನೋಡಬೇಕು.

ಏನನ್ನು ‘ಒಂದು’ ಎಂದು ಎಣಿಸಬೇಕು ಅನ್ನುವುದರ ಬಗ್ಗೆ ನಮ್ಮ ತಂಡದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಒಬ್ಬ ಹುಡುಗನ ಮೇಲೆ ಮೂರು ಕೇಸು, ಒಂದೊಂದರಲ್ಲಿ ನಾಲ್ಕೈದು ಆರೋಪ ಇರಬಹುದು. ಒಂದು ಕೋರ್ಟು ಆರೋಪ ಎಣಿಸುತ್ತದೆ, ಇನ್ನೊಂದು ಕೇಸು ಎಣಿಸುತ್ತದೆ. ನಾವು ವ್ಯಕ್ತಿಯನ್ನು ಹಿಡಿದೆವು: ಆ ವರ್ಷ ಒಬ್ಬರು ಒಂದೇ ಸಲ ಲೆಕ್ಕಕ್ಕೆ, ಅತಿ ಗಂಭೀರ ಆರೋಪದ ಕೆಳಗೆ. ಕೇಸುಗಳ ಸಂಖ್ಯೆಯನ್ನು ಪಕ್ಕದಲ್ಲಿ ಇಟ್ಟೆವು. ನನ್ನ ಅಭಿಪ್ರಾಯದಲ್ಲಿ ಇದೇ ಸರಿ, ಯಾಕೆಂದರೆ ಸೆರೆಮನೆಯಲ್ಲಿ ಕೂರುವುದು ಮಗು, ಆರೋಪವಲ್ಲ.

ದೊಡ್ಡವರ ಕೋರ್ಟಿಗೆ ಹೋದವರೆಲ್ಲ ಅಲ್ಲೇ ಉಳಿಯುವುದೂ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ 1995ರ ಕಾನೂನಿನಿಂದ ಕೆಲವು ಗಂಭೀರ ಆರೋಪಗಳು ನೇರವಾಗಿ ದೊಡ್ಡವರ ಕೋರ್ಟಿಗೆ ಹೋಗುತ್ತವೆ, ಆದರೆ ಮಗುವಿನ ವಕೀಲರು ಕೇಳಿಕೊಂಡರೆ ನ್ಯಾಯಾಧೀಶರು ಮಕ್ಕಳ ಕೋರ್ಟಿಗೆ ವಾಪಸ್ ಕಳಿಸಬಹುದು. ಶುರುವಿನಲ್ಲಿ ಎಣಿಸಿದರೆ ಒಂದು ಅಂಕಿ, ಕೊನೆಯಲ್ಲಿ ಎಣಿಸಿದರೆ ಇನ್ನೊಂದು. ನಾವು ಎರಡೂ ತೆಗೆದೆವು. ವಾಪಸ್ ಬಂದ ಮಗುವೂ ಅಷ್ಟು ದಿನ ದೊಡ್ಡವರ ಕೋರ್ಟಿನ ಆರೋಪಿಯಾಗಿಯೇ ಇತ್ತು, ಅದನ್ನು ಅಳಿಸಿಹಾಕಲು ನನಗೆ ಮನಸ್ಸಿರಲಿಲ್ಲ.

ನ್ಯೂಯಾರ್ಕ್ ಇನ್ನೂ ಕಷ್ಟ. ಅಲ್ಲಿ ವಯಸ್ಸಿನ ಗೆರೆಯನ್ನು 2018ರ ಅಕ್ಟೋಬರ್‌ನಲ್ಲಿ ಹದಿನಾರರವರಿಗೂ, 2019ರ ಅಕ್ಟೋಬರ್‌ನಲ್ಲಿ ಹದಿನೇಳರವರಿಗೂ ಏರಿಸಿದರು. ಈಗ ಆ ವಯಸ್ಸಿನವರ ಗಂಭೀರ ಕೇಸುಗಳು ದೊಡ್ಡವರ ಕೋರ್ಟಿನೊಳಗಿನ ಒಂದು ಯುವಜನರ ವಿಭಾಗದಲ್ಲಿ ಶುರುವಾಗುತ್ತವೆ, ಬಹಳಷ್ಟು ಅಲ್ಲಿಂದ ಫ್ಯಾಮಿಲಿ ಕೋರ್ಟಿಗೆ ಹೋಗುತ್ತವೆ. ಆ ವಿಭಾಗ ದೊಡ್ಡವರದೋ ಮಕ್ಕಳದೋ? ನಾವು ದೊಡ್ಡವರದು ಎಂದೇ ತೆಗೆದುಕೊಂಡು ಅಡಿಟಿಪ್ಪಣಿ ಹಾಕಿದೆವು. ಆಮೇಲೆ ದೇಶದ ಗ್ರಾಫ್ ನೋಡುವವರಿಗೆ ಮೊದಲೇ ಹೇಳಬೇಕಾಯಿತು: ಈ ವರ್ಷಗಳಲ್ಲಿ ಅಂಕಿ ಇಳಿದದ್ದರ ದೊಡ್ಡ ಪಾಲು ವಯಸ್ಸಿನ ಗೆರೆ ಸರಿದದ್ದರಿಂದ. ಪ್ರಾಸಿಕ್ಯೂಟರ್‌ಗಳ ಮನಸ್ಸು ಬದಲಾಯಿತು ಎಂದು ಇದರಿಂದ ಓದಬೇಡಿ.

ದೇಶದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಕೌಂಟಿಗಳಿವೆ. ರಾಜ್ಯಕ್ಕೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆ ಇದ್ದ ಕಡೆ ಪೂರ್ತಿ ಡೇಟಾ ತೆಗೆದುಕೊಂಡೆವು. ಉಳಿದ ಕಡೆ ದೊಡ್ಡ ಕೌಂಟಿಗಳೆಲ್ಲ ಕಡ್ಡಾಯವಾಗಿ, ಸಣ್ಣವುಗಳಲ್ಲಿ ಮಾದರಿ ಆರಿಸಿ. ಬೇಗ ತೆಗೆದುಕೊಳ್ಳುವುದೂ ಮುಖ್ಯ. ಕೇಸು ವಜಾ ಆದರೆ, ವಾಪಸ್ ಹೋದರೆ, ಹಲವು ರಾಜ್ಯಗಳಲ್ಲಿ ಆ ದಾಖಲೆಯನ್ನು ಮುಚ್ಚುತ್ತಾರೆ ಅಥವಾ ಅಳಿಸುತ್ತಾರೆ. ಮಗುವಿಗೆ ಅದು ಒಳ್ಳೆಯದು, ಹಾಗೇ ಆಗಬೇಕು. ಆದರೆ ಕೆಲವು ವರ್ಷ ಬಿಟ್ಟು ಕೇಳಿದರೆ ಶಿಕ್ಷೆ ಆದವರೇ ಜಾಸ್ತಿ ಉಳಿದಿರುತ್ತಾರೆ, ಎಲ್ಲರಿಗೂ ಶಿಕ್ಷೆ ಆಗುತ್ತದೆ ಎಂಬ ಸುಳ್ಳು ಚಿತ್ರ ಬರುತ್ತದೆ. ಅದಕ್ಕೇ ವರ್ಷ ಮುಗಿದ ಕೂಡಲೇ ಒಂದು ಪ್ರತಿ ತೆಗೆದು, ಹೆಸರು ಕಿತ್ತು, ಸಂಕೇತ ಸಂಖ್ಯೆ ಕೊಟ್ಟು ಇಟ್ಟುಕೊಂಡೆವು.

ಜೈಲಿನ ಅಂಕಿ ಬಳಸಿದರೆ ಸಾಲದೇ ಎಂದು ತುಂಬಾ ಜನ ಕೇಳುತ್ತಾರೆ. ಸ್ಥಳೀಯ ಜೈಲುಗಳಲ್ಲಿದ್ದ ಮಕ್ಕಳು 2010ರಲ್ಲಿ 7,500ಕ್ಕೂ ಮೇಲೆ, 2019ರಲ್ಲಿ ಸುಮಾರು 2,900. ಇದು ವರ್ಷದ ಮಧ್ಯದಲ್ಲಿ ತಲೆ ಎಣಿಸಿದ ಲೆಕ್ಕ. ವರ್ಷದಲ್ಲಿ ಬಂದು ಹೋದವರು, ಜಾಮೀನಿನ ಮೇಲೆ ಹೊರಗಿದ್ದವರು ಇದರಲ್ಲಿಲ್ಲ. 2018ರ ಕೊನೆಯಲ್ಲಿ ಬಂದ ಕೇಂದ್ರ ಕಾನೂನು, ಇಂಥ ಮಕ್ಕಳನ್ನು ಮೂರು ವರ್ಷದೊಳಗೆ ದೊಡ್ಡವರ ಜೈಲಿನಿಂದ ಹೊರಗಿಡಬೇಕು ಎಂದು ರಾಜ್ಯಗಳಿಗೆ ಹೇಳಿತು. ಆಮೇಲಂತೂ ಜೈಲಿನ ಅಂಕಿ ಕೋರ್ಟಿನ ಬಗ್ಗೆ ಹೇಳುವುದು ಇನ್ನೂ ಕಡಿಮೆ.

ಕೊನೆಯ ಕೆಲಸ ಪ್ರಕಟಣೆ. ಸಣ್ಣ ಕೌಂಟಿಯಲ್ಲಿ ವರ್ಷಕ್ಕೆ ಒಂದೋ ಎರಡೋ ಮಕ್ಕಳು ಇರುತ್ತಾರೆ. ವಯಸ್ಸು, ಜನಾಂಗ, ಆರೋಪ ಮೂರನ್ನೂ ಅಚ್ಚು ಮಾಡಿದರೆ ಆ ಊರಿನವರಿಗೆ ಮಗು ಯಾರೆಂದು ಗೊತ್ತಾಗಿಬಿಡುತ್ತದೆ. ಕೋಷ್ಟಕದ ಅಂಥ ಚೌಕಗಳನ್ನು ಖಾಲಿ ಬಿಟ್ಟು, ಮೊತ್ತದಿಂದ ಕಳೆದು ಹುಡುಕಲೂ ಆಗದಂತೆ ಪಕ್ಕದ ಇನ್ನೊಂದು ಚೌಕವನ್ನೂ ಮುಚ್ಚಿದೆವು. ರಾಜ್ಯದ ಮಟ್ಟದಲ್ಲಿ ಎಲ್ಲವನ್ನೂ ಕೊಟ್ಟೆವು, ಮೂರು ದಾರಿಗಳನ್ನೂ ಬೇರೆ ಬೇರೆಯಾಗಿ.